ಬೀಗ ಬಿದ್ದ ಪಾದಗಳು

ಕಂಪ್ಯೂಟರಿನಲ್ಲಿ ಕಡತಗಳ ಹೆಸರುಗಳು ಹಸಿರಾದದ್ದು ಯಾವಾಗ ಎಂದು ಮನೆಯಲ್ಲಿ ಯಾರಿಗೂ ನೆನಪಾಗದಿದ್ದರೆ ಸಾಕು. ಮಂಗಳವಾರ ಬೆಳಿಗ್ಗೆ ಪಾತ್ರೆ ಉಜ್ಜುತ್ತಾ ಪಿಸು ತನ್ನೊಳಗೇ ಒಪ್ಪಿಕೊಂಡ ಚಿಂತೆ ಇಷ್ಟೇ. ಪುಟ್ಟ ಚಿಂತೆ. ಒಂದು ಬಾಣಲೆ ತೊಳೆದು ಕವುಚಿಡುವಷ್ಟರಲ್ಲಿ ಹೋಗಿಬಿಡುತ್ತದೆ ಅಂದುಕೊಂಡಿದ್ದಳು. ಬಾಣಲೆ ಮುಗಿಯಿತು, ಲೋಟಗಳು ಮುಗಿದವು, ಚಿಂತೆ ಮುಗಿಯಲಿಲ್ಲ. ಮುಂದಿನ ಕೋಣೆಯಲ್ಲಿ ಅಪ್ಪನ ಧ್ವನಿ ಏರುತ್ತಿತ್ತು.

"ನನ್ನ ಗಿರಾಕಿಗಳ ಕಾಲು ನೋಡೋಕೆ ನನಗೇ ಅಧಿಕಾರ ಇಲ್ವಂತಾ? ಯಾವನೋ ಅವನು ಹೇಳೋಕೆ?"

"ಯಾವನೂ ಅಲ್ಲಪ್ಪ. ಕಂಪ್ಯೂಟರ್ ಹೇಳ್ತಿದೆ," ಅಂದ ಅಣ್ಣ.

"ಮೊನ್ನೆವರೆಗೂ ಹೇಳ್ತಿರಲಿಲ್ಲ. ನೀನು ಕೈ ಹಾಕಿದ್ಮೇಲೆ ಹೇಳ್ತಿದೆ."

ಅಪ್ಪ ಬೂಟು ಮಾಡುವವನು. ಅಂಗಡಿಯಲ್ಲಿ ಜೋಡಿಸಿಟ್ಟ ಬೂಟು ಯಾರ ಕಾಲಿಗೆ ಹಿಡಿಸುವುದಿಲ್ಲವೋ ಅವರಿಗೆ ಮಾತ್ರ ಮಾಡುವವನು. ಒಂದು ಕಾಲು ಗಿಡ್ಡವಾದವರು, ಪಾದ ಒಳಕ್ಕೆ ತಿರುಗಿದವರು, ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶವೇ ಹೋದವರು ಅವನನ್ನು ಹುಡುಕಿಕೊಂಡು ಬಂದು 'ಬೂಟು ಮೇಷ್ಟ್ರೇ' ಎಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅವನ ಕಾರ್ಖಾನೆ. ಒಬ್ಬೊಬ್ಬರನ್ನೂ ಕಂದು ಕಾಗದದ ಮೇಲೆ ನಿಲ್ಲಿಸಿ, ಮಂಡಿಯೂರಿ ಕೂತು, ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದ. ಎಲ್ಲಿ ಗಂಟು, ಎಲ್ಲಿ ಹಳೆಯ ಹುಣ್ಣಿನ ಕಲೆ, ಎಲ್ಲಿ ಹೊಲಿಗೆ ತಾಗಬಾರದು ಎಂದು ಗುರುತು ಹಾಕುತ್ತಿದ್ದ. ಹಾಕಿಕೊಂಡು ಹೋದವರು ತಿರುಗಿ ಬಂದು 'ಇಲ್ಲಿ ಕಚ್ತು ಮೇಷ್ಟ್ರೇ' ಅಂದರೆ ಅದೇ ಕಾಗದದಲ್ಲಿ ಇನ್ನೊಂದು ಗುರುತು ಬೀಳುತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಹೀಗೇ.

ಕಾಗದಕ್ಕೆ ಹುಳ ಹಿಡಿದಾಗ ಅಮ್ಮ ಒಂದೊಂದನ್ನೂ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸಿದ್ದಳು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳಿಗೆ ಪಾಳಿ ಕೆಲಸ. ಪಾಳಿ ಮುಗಿಸಿ ಬಂದು, ಕೈ ಒರೆಸಿಕೊಂಡು, ದಿನಕ್ಕೆ ಹತ್ತು ಪಾದದಂತೆ. ಆಮೇಲೆ ಕಾಗದಗಳು ರದ್ದಿಗೆ ಹೋದವು. "ಎಲ್ಲಾ ಕಂಪ್ಯೂಟರ್‌ನಲ್ಲಿದೆಯಲ್ಲ" ಅಂದವಳು ಪಿಸುವೇ.

ಪಿಸು ಎಂದರೆ ಈ ಮನೆಯ ಮಗಳು. ಅವಳು ಬಾಯಿ ಬಿಟ್ಟರೆ ಪಕ್ಕದಲ್ಲಿ ಕೂತವರಿಗೂ ಅರ್ಧ ಮಾತು ಕೇಳುತ್ತಿರಲಿಲ್ಲ. ಹಾಗಾಗಿ ಅಜ್ಜಿ ಇಟ್ಟ ಹೆಸರು. ಪದವಿ ಮುಗಿಸಿ ಎರಡು ವರ್ಷವಾಗಿತ್ತು. ಸಂದರ್ಶನಕ್ಕೆ ಹೋದಲ್ಲೆಲ್ಲ "ಸ್ವಲ್ಪ ಜೋರಾಗಿ ಹೇಳಿ" ಅನ್ನಿಸಿಕೊಂಡು ಬಂದು, ಈಗ ಅಪ್ಪನ ಗಿರಾಕಿಗಳ ಕಡತ ನೋಡಿಕೊಳ್ಳುತ್ತಿದ್ದಳು. ಜೋರಾಗಿ ಹೇಳಲಾರದ್ದನ್ನೆಲ್ಲ ದಿನಚರಿಯಲ್ಲಿ ಬರೆಯುತ್ತಿದ್ದಳು.

ಸೋಮವಾರ ಆ ಹಳೇ ಕಂಪ್ಯೂಟರ್ ಏಳಲೇ ಇಲ್ಲ. ನೀಲಿ ಪರದೆ ತೋರಿಸಿ ಮತ್ತೆ ಮಲಗುತ್ತಿತ್ತು. ಕೊರಿಯರ್ ವ್ಯಾನ್ ಓಡಿಸುವ ಅಣ್ಣ, ಕಂಪ್ಯೂಟರ್ ವಿಷಯದಲ್ಲಿ ತನಗೆ ತಾನೇ ಗುರು, "ಅರ್ಧ ಗಂಟೆ ಕೆಲಸ" ಎಂದು ಕೂತು ಹಳೆಯದನ್ನು ಅಳಿಸಿ ವಿಂಡೋಸ್ ಹೊಸದಾಗಿ ಹಾಕಿದ್ದ. ಕಡತಗಳು ಡಿಸ್ಕಿನ ಬೇರೆ ಭಾಗದಲ್ಲಿದ್ದವು, ಅವನ್ನು ಮುಟ್ಟಿರಲಿಲ್ಲ. ಎದ್ದ ಮೇಲೆ ನೋಡಿದರೆ ಎಲ್ಲವೂ ಇದ್ದಲ್ಲೇ ಇದ್ದವು, ಒಬ್ಬೊಬ್ಬರ ಹೆಸರಿನ ಸಮೇತ. ತೆರೆಯಲು ಹೋದರೆ ಮಾತ್ರ, ನಿಮಗೆ ಅಧಿಕಾರವಿಲ್ಲ ಎಂಬ ಅರ್ಥದ ಒಂದು ಸಾಲು.

"ಅದಕ್ಕೆ ಹಳೇ ಮಾಲೀಕನ ನೆನಪು," ಎಂದು ಅಣ್ಣ ವಿವರಿಸಿದ. "ಮೊದಲಿದ್ದ 'ಅಂಗಡಿ' ಅನ್ನೋ ಖಾತೆ ಹೋಯ್ತಲ್ಲ, ಈಗಿನ ನಾವು ಬೇರೆಯವರು ಅಂದ್ಕೊಂಡಿದೆ. ಮಾಲೀಕನ ಹೆಸರು ಬದಲಾಯಿಸಿದ್ರೆ ಬಿಡುತ್ತೆ."

ಕಿಟಕಿಯ ಬಳಿ ಸೊಪ್ಪು ಬಿಡಿಸುತ್ತಿದ್ದ ಅಜ್ಜಿ ತಲೆ ಎತ್ತಿದಳು. "ಮಾಲೀಕ ನಿಮ್ಮಪ್ಪ ಅಲ್ವೇನೋ? ಗದರಿಸಿ ಹೇಳೋ ಅದಕ್ಕೆ."

"ಅಜ್ಜೀ, ಅದು ನಿನ್ನ ಸೊಸೆ ಅಲ್ಲ ಗದರಿಸಿದ್ರೆ ಕೇಳೋಕೆ."

"ನನ್ನ ಸೊಸೆನೂ ಕೇಳಲ್ಲ ಬಿಡು."

ಅಡುಗೆಮನೆಯಿಂದ ಅಮ್ಮ ನಕ್ಕಳು. ಆ ಮನೆಯಲ್ಲಿ ಅದು ಕೊನೆಯ ನಗೆಯಾಯಿತು, ಸುಮಾರು ದಿನದವರೆಗೆ.

ಅಣ್ಣ ಮಾಲೀಕನ ಹೆಸರು ಬದಲಾಯಿಸಿದ. ಪಟ್ಟಿಯಲ್ಲಿ ತನ್ನ ಹೆಸರು ಸೇರಿಸಿ ಎಲ್ಲ ಅಧಿಕಾರಕ್ಕೂ ಟಿಕ್ ಹಾಕಿದ. ಯಂತ್ರ ಒಂದೊಂದೇ ಕಡತ ಎಣಿಸುತ್ತಾ ಮುಕ್ಕಾಲು ಗಂಟೆ ಗುರುಗುಟ್ಟಿತು. ಎಲ್ಲ ಮುಗಿಯಿತೆಂದಿತು. ತೆರೆಯಲು ಹೋದರೆ ಮತ್ತದೇ ಸಾಲು. ಅಣ್ಣನ ಕುತ್ತಿಗೆಯ ಹಿಂದೆ ಬೆವರು ಇಳಿಯುವುದನ್ನು ಪಿಸು ಬಾಗಿಲ ಮರೆಯಿಂದ ನೋಡಿದಳು.

ಅವಳಿಗೆ ಕಾರಣ ಗೊತ್ತಿತ್ತು.

ಕಾಲೇಜಿನ ಕೊನೆಯ ವರ್ಷ ಅವಳು ದಿನಚರಿಯನ್ನು ಕಂಪ್ಯೂಟರಿನಲ್ಲಿ ಬರೆಯುತ್ತಿದ್ದಳು. ಪುಸ್ತಕದಲ್ಲಿ ಬರೆದರೆ ಅಣ್ಣ ಹುಡುಕಿ ಓದಿ, ಊಟಕ್ಕೆ ಕೂತಾಗ ಸಾಲುಸಾಲಾಗಿ ಒಪ್ಪಿಸುತ್ತಿದ್ದ. ಕಂಪ್ಯೂಟರಿನಲ್ಲಿ ಅಣ್ಣನ ಖಾತೆಯೇ ಬೇರೆ, ಸಿನಿಮಾ ನೋಡಲು ಮಾತ್ರ. ಉಳಿದ ಮೂವರದು 'ಅಂಗಡಿ'. ಅಪ್ಪನ ಕಡತಗಳೊಳಗೆ 'ತೀರಿಹೋದವರು' ಎಂಬ ಫೋಲ್ಡರ್ ಇತ್ತು. ಇನ್ನು ಬೂಟು ಬೇಡದವರ ಪಾದಗಳು. ಯಾರೂ ಅದನ್ನು ತೆರೆಯುತ್ತಿರಲಿಲ್ಲ. ದಿನಚರಿಯನ್ನು ಅಲ್ಲಿಟ್ಟಿದ್ದಳು. ಅಷ್ಟು ಸಾಲದೆಂದು, ಅಣ್ಣನ ಖಾತೆಯಿಂದ ತೆರೆಯದ ಹಾಗೆ ಬೀಗ ಹಾಕುವ ಒಂದು ಟಿಕ್ ಹುಡುಕಿಕೊಂಡಳು. ಟಿಕ್ ಹಾಕಿದರೆ ಹೆಸರು ಹಸಿರಾಗುತ್ತಿತ್ತು. ಕಪ್ಪು ಹೆಸರುಗಳ ನಡುವೆ ಒಂದೇ ಹಸಿರು, ಕಣ್ಣಿಗೆ ಹೊಡೆಯುವಂತೆ. ಆಗ ಅವಳಿಗೆ ಹೊಳೆದ ಬುದ್ಧಿ: ಎಲ್ಲವನ್ನೂ ಹಸಿರು ಮಾಡಿಬಿಟ್ಟರೆ ಯಾವುದೂ ಎದ್ದು ಕಾಣುವುದಿಲ್ಲ. ಮುನ್ನೂರ ನಲವತ್ತು ಜನರ ಪಾದಗಳಿಗೂ ಬೀಗ ಹಾಕಿದಳು.

"ಇದ್ಯಾಕೆ ಹಸಿರಾಯ್ತು?" ಎಂದು ಅಮ್ಮ ಮಾರನೆಯ ದಿನವೇ ಕೇಳಿದ್ದಳು.

"ಅಪ್‌ಡೇಟ್," ಅಂದಿದ್ದಳು ಪಿಸು.

"ಕಣ್ಣಿಗೆ ತಂಪಾಯ್ತು ಬಿಡು," ಎಂದು ಅಮ್ಮ ತನ್ನ ಕೆಲಸ ನೋಡಿಕೊಂಡಿದ್ದಳು.

'ಅಂಗಡಿ'ಯ ಮೂಲಕ ಬಂದವರಿಗೆ ಬೀಗ ಇದೆಯೆಂದೇ ತಿಳಿಯುತ್ತಿರಲಿಲ್ಲ, ತಾನಾಗೇ ತೆರೆಯುತ್ತಿತ್ತು. ಈಗ 'ಅಂಗಡಿ'ಯೇ ಇಲ್ಲ. ದಿನಚರಿಯಲ್ಲಿ ಅಪ್ಪನ ವಿಷಯದ ಒಂದು ಪುಟವಿತ್ತು. ಅದನ್ನು ಬರೆದ ಮೇಲೆ ಅವಳು ಮನಸ್ಸಿನಲ್ಲೂ ತಿರುಗಿ ಓದಿರಲಿಲ್ಲ. ಬೀಗ ಯಾರದೆಂದು ಹೇಳಿದರೆ ಬೀಗ ಯಾಕೆಂದೂ ಹೇಳಬೇಕಾಗುತ್ತದೆ. ಆ ಪುಟ ಅಪ್ಪನ ಕಣ್ಣಿಗೆ ಬೀಳುತ್ತದೆ. ಪಿಸು ಒದ್ದೆ ಕೈ ಒರೆಸಿಕೊಂಡು ಅಡುಗೆಮನೆಗೆ ವಾಪಸಾದಳು.

*

ಮುಂದಿನ ಬೀದಿಯ ತಿರುವಿನಲ್ಲಿ ರಿಪೇರಿ ಅಂಗಡಿ. ನಡೆಸುತ್ತಿದ್ದವಳು ಐವತ್ತು ದಾಟಿದ ಹೆಂಗಸು. ಕನ್ನಡಕಕ್ಕೆ ದಾರ ಕಟ್ಟಿ ಕುತ್ತಿಗೆಗೆ ಇಳಿಬಿಟ್ಟಿರುತ್ತಿದ್ದಳು. ಎಲ್ಲರೂ ಅವಳನ್ನು ರಿಪೇರಿಯಕ್ಕ ಅನ್ನುತ್ತಿದ್ದರು. ಅಪ್ಪ ಕಂಪ್ಯೂಟರನ್ನು ಟವೆಲ್ಲಿನಲ್ಲಿ ಸುತ್ತಿ ಹೊತ್ತುಕೊಂಡು ಹೋಗಿ ಕೊಟ್ಟ. ಶುಕ್ರವಾರ ಮಧ್ಯಾಹ್ನ ಊಟದ ಹೊತ್ತಿಗೆ ತಿರುಗಿ ಬಂದವನ ಮುಖ ಗಂಟಿಕ್ಕಿತ್ತು. ತಟ್ಟೆಯ ಮುಂದೆ ಕೂತ, ಅನ್ನಕ್ಕೆ ಕೈ ಹಾಕಲಿಲ್ಲ.

"ಹಾಳಾಗಿಲ್ಲವಂತೆ. ಬೀಗ ಹಾಕಿದಾರಂತೆ."

"ಯಾರು?" ಅಮ್ಮ ಆಲೂಗಡ್ಡೆ ಪಲ್ಯದ ಸೌಟು ಹಿಡಿದೇ ಕೇಳಿದಳು.

"ನಮ್ಮನೆಯವರೇ. ಬೇಕಂತಲೇ ಹಾಕಿದ್ದು, ತಾನಾಗಿ ಬೀಳೋ ಬೀಗ ಅಲ್ಲ ಅಂದ್ಳು. ಹಾಕಿದಾಗ ಒಂದು ಕೀಲಿ ಉಳಿಸ್ಕೊಳ್ಳಿ ಅಂತ ಕಂಪ್ಯೂಟರ್ ಕೇಳುತ್ತಂತೆ, ಪೆನ್‌ಡ್ರೈವ್‌ನಲ್ಲೋ ಎಲ್ಲೋ. ಆ ಕೀಲಿಗೆ ಒಂದು ಪಾಸ್‌ವರ್ಡ್ ಇರುತ್ತಂತೆ. ಅವೆರಡು ಇದ್ರೆ ಹತ್ತು ನಿಮಿಷದ ಕೆಲಸ. ಇಲ್ಲದಿದ್ರೆ ದೇವರೇ ಬಂದರೂ ಆಗಲ್ಲವಂತೆ."

ಅಪ್ಪ ಅಣ್ಣನ ಕಡೆ ತಿರುಗಿದ.

"ಕೊಡು."

"ಏನನ್ನ?"

"ಕೀಲಿ."

"ಅಪ್ಪ, ನನ್ನ ಹತ್ರ ಯಾವ ಕೀಲಿನೂ ಇಲ್ಲ. ನಾನು ನಿನ್ನ ಕಡತದ ಕಡೆ ತಲೆನೇ ಹಾಕ್ತಿರಲಿಲ್ಲ."

"ಈ ಮನೇಲಿ ಕಂಪ್ಯೂಟರ್ ಬಿಚ್ಚೋನು ಯಾರು? ಅದೂ ಇದೂ ತಂದು ತುಂಬೋನು ಯಾರು? ನಿಮ್ಮಮ್ಮಂಗೆ ಆನ್ ಮಾಡೋದು ಬಿಟ್ರೆ ಏನ್ ಬರುತ್ತೆ? ನಂಗೆ ಅದೂ ಬರಲ್ಲ. ಇವಳಂತೂ ಜೋರಾಗಿ ಕೀ ಒತ್ತೋಕೂ ಹೆದರ್ತಾಳೆ."

"ಏನೋ ಮುಚ್ಚಿಟ್ಟಿದಾನೆ," ಅಂದಳು ಅಜ್ಜಿ. "ಗಂಡುಮಕ್ಕಳು ಏನಾದ್ರೂ ಮುಚ್ಚಿಡ್ತಾರೆ. ಇವನಪ್ಪನೂ ಬೀಡಿ ಮುಚ್ಚಿಡ್ತಿದ್ದ, ಬೂಟಿನೊಳಗೆ."

"ನೀನು ಸುಮ್ನಿರಮ್ಮ."

"ಸುಮ್ನಿರ್ತೀನಪ್ಪ. ಸುಮ್ನಿದ್ದು ಸುಮ್ನಿದ್ದೇ ಈ ವಯಸ್ಸಾಯ್ತು."

ಅಣ್ಣ ತಟ್ಟೆ ಸರಿಸಿದ. "ಮೆಷಿನ್ ಸತ್ತಿತ್ತು, ಎಬ್ಬಿಸಿದೆ. ಎಬ್ಬಿಸಿದ್ದಕ್ಕೆ ಕಳ್ಳನಾದೆ. ಮುಂದಿನ ಸಲ ಹೆಣ ಹಾಗೇ ಇರಲಿ ಅಂತ ಬಿಡ್ತೀನಿ."

"ಹಾಗೇ ಬಿಡಬೇಕಿತ್ತು. ಒಂದು ಮಾತು ಕೇಳಬೇಕಿತ್ತು ನನ್ನ."

ಪಿಸು ನೀರಿನ ಜಗ್ ಹಿಡಿದು ನಿಂತಿದ್ದಳು. ಎಲ್ಲರ ಲೋಟವೂ ತುಂಬಿತ್ತು. ಆದರೂ ಅಜ್ಜಿಯ ಲೋಟಕ್ಕೆ ಇನ್ನಷ್ಟು ಸುರಿದಳು, ನೀರು ಅಂಚು ಮೀರಿ ಚಾಪೆಗೆ ಹರಿಯಿತು. "ನಿನ್ನ ಜ್ಞಾನ ಎಲ್ಲಿದೆಯೇ?" ಎಂದು ಅಜ್ಜಿ ಬೈದಳು. ಚಿಂದಿಬಟ್ಟೆ ತರುವ ನೆಪ ಸಿಕ್ಕಿದ್ದೇ ಅವಳಿಗೆ ಪುಣ್ಯವಾಯಿತು.

ಕೀಲಿ ಅವಳ ಹತ್ತಿರವೇ ಇತ್ತು. ಕೀಲಿ ಉಳಿಸಿಕೊಳ್ಳಿ ಎಂದು ಕಂಪ್ಯೂಟರು ಮೂಲೆಯಲ್ಲಿ ಪದೇಪದೇ ಗೋಗರೆಯುತ್ತಿದ್ದಾಗ, ಅದರ ಬಾಯಿ ಮುಚ್ಚಿಸಲು ಒಂದು ಪೆನ್‌ಡ್ರೈವಿಗೆ ಉಳಿಸಿದ್ದಳು. ಮುನ್ನೂರ ನಲವತ್ತು ಜನರ ಪಾದಗಳೂ ಹಿಡಿಸುವಷ್ಟು ಜಾಗವಿದ್ದ ಪೆನ್‌ಡ್ರೈವಿನಲ್ಲಿ ಇದ್ದದ್ದು ಆ ಕೀಲಿ ಒಂದೇ. ಬಟ್ಟೆಯ ಕಪಾಟಿನಲ್ಲಿ, ಪದವಿ ಪ್ರಮಾಣಪತ್ರದ ಕವರಿನೊಳಗೆ. ಪಾಸ್‌ವರ್ಡ್ ಮರೆತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆವತ್ತು ಸಂಜೆ, ಕಂಪ್ಯೂಟರ್ ಇಲ್ಲದ್ದರಿಂದ, ಒಂದು ನೋಟ್‌ಬುಕ್ಕಿನಲ್ಲಿ ಬರೆದಳು. ಬರೆದು, ಆ ಸಾಲನ್ನೂ ಹೊಡೆದು ಹಾಕಿದಳು.

*

ಎರಡನೇ ವಾರ ಗಿರಾಕಿಗಳು ಬರತೊಡಗಿದರು. ಅಪ್ಪ ಎಲ್ಲರನ್ನೂ ಮತ್ತೆ ಕಾಗದದ ಮೇಲೆ ನಿಲ್ಲಿಸಿದ. ಗೆರೆ ಎಳೆಯುವುದು ಕಷ್ಟವಲ್ಲ. ಆದರೆ ಇಪ್ಪತ್ತು ವರ್ಷದಲ್ಲಿ ಎಲ್ಲೆಲ್ಲಿ ಕಚ್ಚಿತ್ತು, ಎಲ್ಲೆಲ್ಲಿ ಒಡೆದಿತ್ತು ಎಂಬುದು ಇವತ್ತಿನ ಗೆರೆಯಲ್ಲಿ ಇರುವುದಿಲ್ಲ.

"ಎಡಗಾಲಿಗೆ ಎಷ್ಟು ಎತ್ತರ ಕೊಟ್ಟಿದ್ದೆ ಹೋದ ಸಲ?" ಎಂದು ಅಪ್ಪ ಅವರನ್ನೇ ಕೇಳುತ್ತಿದ್ದ.

"ನಂಗೇನ್ ಗೊತ್ತು ಮೇಷ್ಟ್ರೇ. ನೀವು ಕೊಟ್ಟಿದ್ದು ಹಾಕ್ಕೊಂಡೆ."

ಶಾಲೆಯ ಅಡುಗೆಯವಳೊಬ್ಬಳು ಮೂರು ಸಲ ಬೂಟು ವಾಪಸು ತಂದಳು. ನಾಲ್ಕನೇ ಸಲ ಬರಲೇ ಇಲ್ಲ. ಅಪ್ಪ ಪಾದದಾಕಾರದ ಮರದ ಅಚ್ಚಿಗೆ ಚರ್ಮದ ಚೂರು ಅಂಟಿಸುವುದು, ಕೀಳುವುದು, ಮತ್ತೆ ಅಂಟಿಸುವುದು. ಕೋಣೆಯಲ್ಲಿ ಗೋಂದಿನ ವಾಸನೆ ಬಿಟ್ಟರೆ ಮಾತೇ ಇರಲಿಲ್ಲ. ಊಟಕ್ಕೆ ಕರೆದರೆ "ಇಡು, ಬರ್ತೀನಿ" ಅನ್ನುತ್ತಿದ್ದ. ಅನ್ನ ಆರಿ ಗಟ್ಟಿಯಾಗುತ್ತಿತ್ತು.

ಆ ವಾರದ ಕೊನೆಗೆ ನಿವೃತ್ತ ಅಂಚೆಯವರು ಬಂದರು. ಅವರು ಅಪ್ಪನ ಮೊಟ್ಟಮೊದಲ ಗಿರಾಕಿ. ಊರೆಲ್ಲ ನಡೆದು ಟಪಾಲು ಹಂಚಿದ ಕಾಲುಗಳಿಗೆ ಈಗ ಸಕ್ಕರೆ ಕಾಯಿಲೆ. ಮುಳ್ಳು ಚುಚ್ಚಿದರೂ ಗೊತ್ತಾಗುತ್ತಿರಲಿಲ್ಲ.

"ಕಂಪ್ಯೂಟರ್ ಕೈ ಕೊಟ್ಟಿದೆ. ಒಂದು ತಿಂಗಳು ತಡೀರಿ," ಅಂದ ಅಪ್ಪ.

"ಹಳೇ ಜೊತೆ ಬಾಯಿ ಬಿಟ್ಟಿದೆ ಮೇಷ್ಟ್ರೇ, ನೋಡಿ. ಮೊಮ್ಮಗಳ ಮದುವೆ ಇದೆ. ನಿಮ್ಮ ಕೈಗೆ ನನ್ನ ಕಾಲು ಗೊತ್ತಿಲ್ವಾ? ನಿಮ್ಮ ತಲೇಲೇ ಇರುತ್ತೆ."

ಅಪ್ಪ ಪಿಸುವಿನ ಕಡೆ ನೋಡಿದ. "ಇವರ ಬಲಗಾಲಲ್ಲಿ ಏನೋ ಗುರುತಿತ್ತಲ್ಲ? ಹಿಮ್ಮಡಿ ಹತ್ರವೋ, ಕಿರುಬೆರಳ ಹತ್ರವೋ? ನೀನು ಅಷ್ಟು ಸಲ ತೆಗೆದು ಕೊಟ್ಟಿದೀಯ."

ಪಿಸು ಕಣ್ಣು ಮುಚ್ಚಿಕೊಂಡಳು. ಕಂದು ಕಾಗದ ಕಾಣುತ್ತಿತ್ತು, ಅಪ್ಪನ ಅಕ್ಷರ ಕಾಣುತ್ತಿತ್ತು, ಗುರುತು ಎಲ್ಲಿತ್ತೆಂದು ಮಾತ್ರ ಕಾಣಲಿಲ್ಲ.

"ಹಿಮ್ಮಡಿ ಅನ್ಸುತ್ತೆ," ಅಂದಳು.

"ಹಾಂ?"

"ಹಿಮ್ಮಡಿ."

"ಹೂಂ, ನನಗೂ ಹಾಗೇ ನೆನಪು."

ಅಂಚೆಯವರು ಅವಳ ತಲೆ ಸವರಿ ಹೋದರು.

*

ಅಣ್ಣ ಮನೆ ಬಿಟ್ಟದ್ದು ಮೂರನೇ ವಾರದ ಬುಧವಾರ. ಜಗಳ ಶುರುವಾದದ್ದು ಮೊಟ್ಟೆಯಿಂದ. ಅಮ್ಮ ಅವನ ತಟ್ಟೆಗೆ ಎರಡನೇ ಮೊಟ್ಟೆ ಹಾಕಿದಳು. ಅಪ್ಪ, "ನನ್ನ ಕೆಲಸ ನಿಲ್ಲಿಸಿದೋನಿಗೆ ಎರಡೆರಡು" ಅಂದ. ಅಣ್ಣ ಮೊಟ್ಟೆಯನ್ನು ಅಪ್ಪನ ತಟ್ಟೆಗೆ ಎತ್ತಿ ಇಟ್ಟ. ಅಪ್ಪ ಅದನ್ನು ಗೋಡೆಗೆ ಎಸೆದ. ಅಣ್ಣ ಎದ್ದು ಎರಡು ಅಂಗಿ, ಹಲ್ಲುಜ್ಜುವ ಬ್ರಷ್ಷು ಚೀಲಕ್ಕೆ ತುರುಕಿಕೊಂಡ.

"ಎಲ್ಲಿಗೋ?" ಅಮ್ಮ ಅಡ್ಡ ಬಂದಳು.

"ಡಿಪೋದಲ್ಲಿ ಡ್ರೈವರ್‌ಗಳಿಗೆ ಮಂಚ ಇದೆ. ಅಲ್ಲಿ ಬೀಗಾನೂ ಇಲ್ಲ, ಕೀಲಿನೂ ಇಲ್ಲ."

ಬಾಗಿಲಲ್ಲಿ ಪಿಸು ಸಿಕ್ಕಳು. ಅವನು ಅವಳ ಜಡೆ ಎಳೆದ, ಚಿಕ್ಕಂದಿನಿಂದ ಎಳೆಯುತ್ತಿದ್ದ ಹಾಗೆ. "ನೀನಾದ್ರೂ ನಂಬ್ತೀಯ ತಾನೇ?"

ಅವಳು ತಲೆಯಾಡಿಸಿದಳು.

ಆ ಸಂಜೆ ಅಮ್ಮ, ಮಗಳು ಒಣಗಿದ ಹೊದಿಕೆ ಮಡಿಸುತ್ತಿದ್ದರು. ಆಸ್ಪತ್ರೆಯಲ್ಲಿ ದಿನಕ್ಕೆ ನೂರಾರು ಮಡಿಸುವ ಅಮ್ಮನ ಕೈ ತಾನಾಗೇ ಓಡುತ್ತಿತ್ತು. ಇಬ್ಬರೂ ಎರಡು ತುದಿ ಹಿಡಿದು ಹತ್ತಿರ ಬಂದಾಗ ಅಮ್ಮ ತಗ್ಗಿದ ದನಿಯಲ್ಲಿ ಅಂದಳು:

"ಹೆಸರೆಲ್ಲ ಒಂದು ಸಲ ಹಸಿರಾಗಿತ್ತು, ಅಲ್ವಾ?"

ಪಿಸುವಿನ ಕೈಯಿಂದ ತುದಿ ಜಾರಿತು.

"ಅಪ್‌ಡೇಟ್ ಅಂದಿದ್ದೆ ನೀನು."

"ಹೂಂ."

ಅಮ್ಮ ಕಾದಳು. ಒಂದು ಹೊದಿಕೆ ಮಡಿಸುವಷ್ಟು ಹೊತ್ತು ಕಾದಳು. ಆಮೇಲೆ ಜಾರಿದ ತುದಿಯನ್ನು ತಾನೇ ಎತ್ತಿಕೊಂಡು, "ಆಯ್ತು, ಇದನ್ನ ಕಪಾಟಿಗಿಡು," ಅಂದಳು. ಮತ್ತೆ ಆ ಮಾತು ತೆಗೆಯಲಿಲ್ಲ. ಅಮ್ಮ ಬೈದಿದ್ದರೆ, ಎರಡು ಬಾರಿಸಿದ್ದರೆ ಬಾಯಿ ಬಿಡುತ್ತಿದ್ದೆನೇನೋ ಎಂದು ಪಿಸುವಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು, ತನ್ನ ಬಾಯಿಯ ಕೆಲಸವನ್ನೂ ಅಮ್ಮನೇ ಮಾಡಬೇಕೇ ಎಂದು.

ಮಾರನೆಯ ದಿನ ಅವಳು ಒಂದು ದಾರಿ ಕಂಡುಕೊಂಡಳು. ಯಾರಿಗೂ ಹೇಳದೆ ರಿಪೇರಿಯಕ್ಕನ ಹತ್ತಿರ ಹೋಗುವುದು. ಪೆನ್‌ಡ್ರೈವ್ ಕೊಟ್ಟು, ಪಾಸ್‌ವರ್ಡ್ ತಾನೇ ಒತ್ತಿ, ದಿನಚರಿ ಅಳಿಸಿ, "ಹೇಗೋ ತೆರೀತು ಅಂತ ಹೇಳಿಬಿಡಿ" ಎಂದು ಕೈ ಮುಗಿಯುವುದು. ಅಷ್ಟು ಉದ್ದದ ಮಾತನ್ನು ಹೊರಗಿನವರ ಹತ್ತಿರ ಅವಳು ಯಾವತ್ತೂ ಆಡಿರಲಿಲ್ಲ. ಬೀದಿಯುದ್ದಕ್ಕೂ ಒಪ್ಪಿಸಿಕೊಳ್ಳುತ್ತಾ ಹೋದಳು.

ಅಂಗಡಿಯ ಗಾಜಿನಾಚೆ ರಿಪೇರಿಯಕ್ಕ ಯಾರದೋ ಲ್ಯಾಪ್‌ಟಾಪ್ ಬಿಚ್ಚಿ ಕೂತಿದ್ದಳು. ಪಕ್ಕದ ಸ್ಟೂಲಿನ ಮೇಲೆ ಅಪ್ಪ. ಮೇಜಿನ ಮೇಲಿದ್ದ ಅವರ ಹಳೇ ಯಂತ್ರದ ಮುಚ್ಚಳ ತೆಗೆದಿತ್ತು. ಅಪ್ಪ ಅದರ ಹತ್ತಿರ ಆಸ್ಪತ್ರೆಯಲ್ಲಿ ರೋಗಿಯ ಮಗ್ಗುಲಲ್ಲಿ ಕೂತವರ ಹಾಗೆ ಕೂತಿದ್ದ. ಬ್ರೆಡ್ಡಿನ ಪೊಟ್ಟಣ ತೊಡೆಯ ಮೇಲಿತ್ತು. ದಿನಾ ಮಧ್ಯಾಹ್ನ "ಚರ್ಮ ನೋಡ್ಕೊಂಡು ಬರ್ತೀನಿ" ಎಂದು ಹೊರಡುತ್ತಿದ್ದವನು ಬರುತ್ತಿದ್ದದ್ದು ಇಲ್ಲಿಗೆ.

ಗಾಜಿನ ಬಾಗಿಲು ಅರ್ಧ ತೆರೆದಿತ್ತು. ರಿಪೇರಿಯಕ್ಕನ ಮಾತು ಕೇಳಿಸಿತು. "ಡಿಸ್ಕಿನ ಸದ್ದು ಕೇಳಿಸ್ತಿದ್ಯಾ ಅಣ್ಣಾ? ಕಟಕಟ ಅಂತಿದೆ. ಇನ್ನು ಬಹಳ ದಿನ ಬಾಳಲ್ಲ. ಅದು ನಿಂತುಹೋದ್ರೆ ಆಮೇಲೆ ಕೀಲಿ ಸಿಕ್ರೂ ಪ್ರಯೋಜನ ಇಲ್ಲ. ಮಗನ್ನ ಇನ್ನೊಂದು ಸಲ ಒಳ್ಳೇ ಮಾತಲ್ಲಿ ಕೇಳಿ ನೋಡಿ."

"ಮನೇಲಿ ಇದ್ರೆ ತಾನೇ ಕೇಳೋದು," ಅಂದ ಅಪ್ಪ.

ಪಿಸು ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಹಿಡಿದು ಎದುರು ಬದಿಯ ಹಣ್ಣಿನಂಗಡಿಯ ಮುಂದೆ ನಿಂತಳು. ಅಪ್ಪ ಏಳಲಿ ಎಂದು ಕಾದಳು. ಅವನು ಏಳಲಿಲ್ಲ. ಬ್ರೆಡ್ಡು ಬಿಚ್ಚಿ ಒಂದು ತುಂಡು ರಿಪೇರಿಯಕ್ಕನಿಗೆ ಕೊಟ್ಟ, ಒಂದನ್ನು ತಾನು ತಿಂದ. "ಏನ್ ಬೇಕಮ್ಮ?" ಎಂದು ಹಣ್ಣಿನವನು ಮೂರನೇ ಸಲ ಕೇಳಿದಾಗ, ಬೇಡದ ಎರಡು ಬಾಳೆಹಣ್ಣು ಕೊಂಡು ಮನೆಗೆ ಬಂದಳು.

*

ಅಂಚೆಯವರ ಸುದ್ದಿ ನಾಲ್ಕನೇ ವಾರದ ಬುಧವಾರ ಬಂತು. ಹೊಸ ಬೂಟು ಹಾಕಿಕೊಂಡು ಮದುವೆಯಲ್ಲಿ ಮೂರು ದಿನ ಓಡಾಡಿದ್ದರಂತೆ. ಕಾಲಿಗೆ ನೋವು ತಿಳಿಯದು. ಮೊಮ್ಮಗಳು ಕಾಲು ಮುಟ್ಟಲು ಬಗ್ಗಿದಾಗ ಕಾಲುಚೀಲದಲ್ಲಿ ರಕ್ತ ಕಂಡಳಂತೆ. ಅಮ್ಮ ಕೆಲಸ ಮಾಡುವ ಆಸ್ಪತ್ರೆಗೇ ಸೇರಿಸಿದ್ದರು. ಅಮ್ಮ ದಿನಾ ಪಾಳಿ ಮುಗಿಸಿ ವಾರ್ಡಿಗೆ ಹೋಗಿ ನೋಡಿ ಬರುತ್ತಿದ್ದಳು. ಬಂದು ಹೇಳುತ್ತಿದ್ದದ್ದು ದಿನದಿನಕ್ಕೆ ಚಿಕ್ಕದಾಗುತ್ತಿತ್ತು. "ಕೆಂಪಾಗಿದೆ." "ಕಪ್ಪಾಗಿದೆ." ಶನಿವಾರ ಏನೂ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಅಪ್ಪ ತಾನೇ ಹೋದ. ಅವನಿಲ್ಲದ ಹೊತ್ತು ನೋಡಿಕೊಂಡು ಅಣ್ಣ ಬೆಚ್ಚನೆ ಅಂಗಿ ಒಯ್ಯಲು ಬಂದ. ಅಮ್ಮ ಬಿಡದೆ ಊಟಕ್ಕೆ ಕೂರಿಸಿದಳು. ಅಜ್ಜಿ ಅವನ ಮೊಣಕೈ ಮುಟ್ಟಿ ನೋಡಿ, "ಡಿಪೋದಲ್ಲಿ ನಿಂಗೆ ಡೀಸೆಲ್ ಕುಡಿಸ್ತಾರೇನೋ? ಬರೀ ಮೂಳೆ," ಅಂದಳು. ಅವನು ಎರಡು ತುತ್ತು ತಿಂದಿದ್ದ. ಅಪ್ಪ ಬಂದ.

ಬಂದವನು ಅಣ್ಣನನ್ನು ನೋಡಿದರೂ ನೋಡದವನಂತೆ ಕೈ ತೊಳೆದ. ಗೋಂದು ಹತ್ತಿದ ಕೈಯನ್ನು ತಿಕ್ಕುವ ಹಾಗೆ ಬಹಳ ಹೊತ್ತು ತೊಳೆದ.

"ಕಿರುಬೆರಳು ತೆಗೆದ್ರು," ಅಂದ.

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಗುರುತು ಇದ್ದದ್ದು ಕಿರುಬೆರಳ ಹತ್ರ. ನಾನು ಹಿಮ್ಮಡಿಗೆ ಮೆತ್ತೆ ಕೊಟ್ಟೆ, ಬೆರಳ ಹತ್ರ ಹೊಲಿಗೆ ಹ್ಯಾಗೆ ಬೇಕೋ ಹಾಗೆ ಹಾಕಿದೆ."

"ಅವರೇನಂದ್ರು?"

"ಏನೂ ಅನ್ನಲಿಲ್ಲ. 'ಮುಂದಿನ ಜೊತೆಗೆ ಚರ್ಮ ಸ್ವಲ್ಪ ಕಮ್ಮಿ ಸಾಕು ಮೇಷ್ಟ್ರೇ' ಅಂತ ನಕ್ಕರು." ಅಪ್ಪ ಒರೆಸಿದ ಕೈಯನ್ನೇ ಮತ್ತೆ ಒರೆಸಿದ. "ನಕ್ಕರು ಕಣೇ. ಬೈದಿದ್ರೆ ತಡಕೋತಿದ್ದೆ."

ಆಮೇಲೆ ಅವನು ಅಣ್ಣನ ಕಡೆ ತಿರುಗಿದ. ಕೂಗಲಿಲ್ಲ. ಕೂಗಿದ್ದರೆ ಅಣ್ಣನೂ ಕೂಗುತ್ತಿದ್ದ.

"ಇನ್ನೂ ಕೊಡಲ್ವೇನೋ? ಇನ್ನೂ ಎಷ್ಟು ಬೆರಳು ಬೇಕು ನಿಂಗೆ?"

ಅಣ್ಣ ತಟ್ಟೆಯಿಂದ ಕೈ ತೆಗೆದ. ಎದುರುತ್ತರ ಕೊಡದೆ ಒಂದು ದಿನವೂ ಬದುಕಿರದ ಅಣ್ಣ.

"ನಾನೂ ಅದನ್ನೇ ಯೋಚಿಸ್ತಿದೀನಪ್ಪ, ಇಷ್ಟು ದಿನದಿಂದ," ಅಂದ. "ನಾನೇ ಹಾಕಿರಬಹುದು. ಯಾವತ್ತೋ ಗೊತ್ತಿಲ್ದೆ ಏನೋ ಒತ್ತಿರಬಹುದು. ಮೆಷಿನ್ ಜೊತೆ ಆಟ ಆಡ್ತಿದ್ದೋನು ನಾನೇ ತಾನೇ. ನೆನಪಿಲ್ಲ ಅಷ್ಟೇ. ನಂದೇ ತಪ್ಪಿರಬಹುದು."

"ನೀನಲ್ಲ," ಅಂದಳು ಪಿಸು.

ಯಾರಿಗೂ ಕೇಳಿಸಲಿಲ್ಲ. ಅಣ್ಣ ಎದ್ದು, ತೊಳೆಯದ ಕೈಯಲ್ಲೇ ಅಂಗಿ ಎತ್ತಿಕೊಳ್ಳುತ್ತಿದ್ದ.

ಪಿಸು ಒಳಗೆ ಹೋದಳು. ಕಪಾಟಿನ ಕವರು ಎಳೆದ ರಭಸಕ್ಕೆ ಪ್ರಮಾಣಪತ್ರ ನೆಲಕ್ಕೆ ಬಿತ್ತು; ಎತ್ತಲಿಲ್ಲ. ಬಂದು ಪೆನ್‌ಡ್ರೈವನ್ನು ಅಪ್ಪನ ಖಾಲಿ ತಟ್ಟೆಯ ಪಕ್ಕ ಇಟ್ಟಳು.

"ಇದರಲ್ಲಿದೆ ಕೀಲಿ. ಬೀಗ ಹಾಕಿದ್ದು ನಾನು. ಅಣ್ಣ ಅಲ್ಲ."

"ಏನಂತೆ ಅದಕ್ಕೆ?" ಎಂದು ಅಜ್ಜಿ ಕಿವಿಗೆ ಕೈಯೊಡ್ಡಿದಳು.

"ಬೀಗ ಹಾಕಿದ್ದು ನಾನು ಅಜ್ಜಿ!"

ಆ ಧ್ವನಿ ಅವಳದೆಂದು ಯಾರಿಗೂ ಮೊದಲು ತಿಳಿಯಲಿಲ್ಲ. ಅಣ್ಣ ಅಂಗಿ ಹಿಡಿದುಕೊಂಡೇ ನಿಂತ. ಅವನ ಮುಖದಲ್ಲಿ ಸಿಟ್ಟು ಬರಬೇಕಾದ ಜಾಗ ಖಾಲಿಯಿತ್ತು. "ಪಾಸ್‌ವರ್ಡ್ ನೆನಪಿದ್ಯಾ?" ಎಂದಷ್ಟೇ ಕೇಳಿದ.

"ಇದೆ."

"ಹೋಗಿ ಅಲ್ಲೇ ಒತ್ತಲಿ ಬಿಡಿ," ಅಮ್ಮ ಅವಸರದಿಂದ ನಡುವೆ ಬಂದಳು. "ಈಗ ಅದೆಲ್ಲ ಯಾಕೆ? ನಡಿಯೇ, ನಾನೂ ಬರ್ತೀನಿ. ಭಾನುವಾರ ಆದ್ರೂ ರಿಪೇರಿಯಕ್ಕನ ಮನೆ ಅಂಗಡಿ ಹಿಂದೇನೇ ಇದೆ. ಡಿಸ್ಕು ನಿಲ್ಲೋದ್ರೊಳಗೆ ಒಂದು ಸಲ..."

"ಇರು," ಅಂದ ಅಪ್ಪ. ಪೆನ್‌ಡ್ರೈವನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ, ಮೊಳೆಯ ಮೊನೆ ನೋಡುವ ಹಾಗೆ. ಅವನ ಕಣ್ಣು ಇನ್ನೂ ಅಂಚೆಯವರ ಹಾಸಿಗೆಯ ಹತ್ತಿರವೇ ಇದ್ದಂತಿತ್ತು. "ನನ್ನಿಂದ ಏನು ಮುಚ್ಚಿಡೋದಿತ್ತು ನಿಂಗೆ? ಏನದು ಪಾಸ್‌ವರ್ಡು?"

ಸುಳ್ಳು ಹೇಳಬಹುದಿತ್ತು. ಅಜ್ಜಿಯ ಹೆಸರು ಅನ್ನಬಹುದಿತ್ತು, ಹುಟ್ಟಿದ ದಿನ ಅನ್ನಬಹುದಿತ್ತು. ಅಮ್ಮ ಅವಳ ಮುಂಗೈ ಹಿಡಿದು ಬಾಗಿಲ ಕಡೆ ಎಳೆಯುತ್ತಲೂ ಇದ್ದಳು. ಪಿಸು ಕೈ ಬಿಡಿಸಿಕೊಂಡು ಅಪ್ಪನ ಎದುರು ಕೂತಳು, ಅವನು ಗಿರಾಕಿಗಳ ಮುಂದೆ ಕೂರುವ ಹಾಗೆ ಮಂಡಿಯೂರಿ.

"'ಯಾರೋ ಬೂಟಿನವರು' ಅಂತ," ಅಂದಳು, ಮನೆಯವರೆಲ್ಲರಿಗೂ ಕೇಳುವ ಹಾಗೆ. "ಪರೀಕ್ಷೆ ದಿನ ನಾನು ಹಾಲ್ ಟಿಕೆಟ್ ಮರೆತು ಹೋಗಿದ್ದೆ. ನೀನು ಏಪ್ರನ್ ಕೂಡ ಬಿಚ್ಚದೆ ಕಾಲೇಜು ಗೇಟಿನ ತನಕ ಓಡಿ ಬಂದು ಕೊಟ್ಟೆ. ನೀನು ಆ ಕಡೆ ತಿರುಗಿದ್ಮೇಲೆ ಗೆಳತಿಯರು ಯಾರೇ ಅದು ಅಂತ ಕೇಳಿದ್ರು. ನಾನು ಹಾಗಂದೆ ಅಪ್ಪ."